ಕ್ಷೀಣ ಸಿಗ್ನಲ್ ಬಿಡಿಸಲು ಯಾವ ಮೋಡ್, ಯಾವ ಸಾಫ್ಟ್‌ವೇರ್?

ಸಂಜೆ ಏಳರ ಹೊತ್ತಿಗೆ ಹ್ಯಾಮ್ ರೇಡಿಯೋದ ರಿಗ್ಗನ್ನು (ಪ್ರಸಾರ ಮಾಡಿ ಕೇಳುವ ಯಂತ್ರವನ್ನು) 7.074 ಮೆಗಾಹರ್ಟ್ಸ್‌ಗೆ ತಂದರೆ ಸ್ಪೀಕರಿನಲ್ಲಿ ಕೇಳುವುದು ಜೇನುಗೂಡಿನಂಥ ಗುಂಯ್ ಸದ್ದು. ಹದಿನೈದು ಸೆಕೆಂಡಿಗೊಮ್ಮೆ ಅದು ತುಸು ತಗ್ಗಿ ಮತ್ತೆ ಏರುತ್ತದೆ. ಅದು ಎಫ್‌ಟಿ8 ಎಂಬ ಡಿಜಿಟಲ್ ಮೋಡ್, ಅಂದರೆ ಸಂದೇಶವನ್ನು ಸ್ವರಗಳಾಗಿಸಿ ಕಳಿಸುವ ಒಂದು ರೀತಿ. ಬ್ಯಾಂಡ್ ತೆರೆದಿದ್ದರೆ ಅದರೊಳಗೆ ಮೂವತ್ತು ನಲವತ್ತು ಸ್ಟೇಷನ್‌ಗಳು ಒಟ್ಟಿಗೆ ಮಾತಾಡುತ್ತಿರುತ್ತವೆ. ಕಿವಿಗೆ ಬಿಡಿಬಿಡಿಯಾಗಿ ಕೇಳುವವು ನಾಲ್ಕೈದು, ಉಳಿದವು ಕಂಪ್ಯೂಟರಿಗೆ ಮಾತ್ರ. ಇಲ್ಲಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು: ಇವನ್ನು ಬಿಡಿಸುವ ಸಾಫ್ಟ್‌ವೇರ್‌ಗಳಲ್ಲಿ ಡಬ್ಲ್ಯುಎಸ್‌ಜೆಟಿ-ಎಕ್ಸ್ ಒಳ್ಳೆಯದೋ, ಜೆಟಿಡಿಎಕ್ಸ್ ಒಳ್ಳೆಯದೋ?

ಕೇಳಬೇಕಾದ ಪ್ರಶ್ನೆಯೇ, ಆದರೆ ಅದರ ಸರದಿ ಮೂರನೆಯದು. ಮೊದಲು ನಿಮಗೆ ಆಗಬೇಕಾದ ಕೆಲಸ ಯಾವುದೆಂದು ಗೊತ್ತಾಗಬೇಕು. ಆಮೇಲೆ ಆ ಕೆಲಸಕ್ಕೆ ಯಾವ ಮೋಡ್ ಎಂಬುದು. ಮೋಡ್ ತೀರ್ಮಾನವಾದರೆ ಸಾಫ್ಟ್‌ವೇರ್ ಹೆಚ್ಚುಕಡಿಮೆ ತಾನಾಗಿಯೇ ತೀರ್ಮಾನವಾಗುತ್ತದೆ. ಒಂದೇ ರೆಕಾರ್ಡಿಂಗನ್ನು ಎರಡು ಒಳ್ಳೆಯ ಡಿಕೋಡರ್‌ಗಳಿಗೆ ಕೊಟ್ಟರೆ ಕಾಣುವ ಅಂತರ ಒಂದೆರಡು ಡೆಸಿಬೆಲ್ ದಾಟುವುದು ಅಪರೂಪ. ಪಕ್ಕದ ಕೋಣೆಯ ಒಂದು ಕಳಪೆ ಎಲ್‌ಇಡಿ ಬಲ್ಬು ಹತ್ತು ಡೆಸಿಬೆಲ್ ನುಂಗಿಬಿಡಬಲ್ಲದು. ಹಾಗಾಗಿ ಇಲ್ಲಿ ಮೊದಲು ಮೋಡ್, ನಂತರ ಸಾಫ್ಟ್‌ವೇರ್, ಕೊನೆಗೆ ಆಂಟೆನಾದಿಂದ ಸಾಫ್ಟ್‌ವೇರಿನವರೆಗೆ ಸದ್ದು ಬರುವ ದಾರಿ. ಹೆಚ್ಚಿನವರು ಎಡವುವುದು ಆ ದಾರಿಯಲ್ಲೇ.

ಮೈನಸ್ 21 ಅಂದರೆ ಎಷ್ಟು

ಪರದೆಯ ಮೇಲೆ ಕಾಣುವ ಡೆಸಿಬೆಲ್ ಸಂಖ್ಯೆ 2500 ಹರ್ಟ್ಸ್ ಅಗಲದ ಗದ್ದಲಕ್ಕೆ ಹೋಲಿಸಿದ್ದು. ಎಲ್ಲ ಮೋಡ್‌ಗಳಿಗೂ ಒಂದೇ ಅಳತೆಗೋಲು ಇರಲಿ ಎಂದು ಹೀಗೆ ಮಾಡಿದ್ದಾರೆ. ಎಫ್‌ಟಿ8ರಲ್ಲಿ ಎಂಟು ಸ್ವರಗಳಿವೆ. ಒಂದೊಂದರ ನಡುವೆ 6.25 ಹರ್ಟ್ಸ್ ಅಂತರ. 2500ನ್ನು 6.25ರಿಂದ ಭಾಗಿಸಿದರೆ 400, ಅಂದರೆ 26 ಡೆಸಿಬೆಲ್. 2500 ಹರ್ಟ್ಸ್ ಲೆಕ್ಕದಲ್ಲಿ ಮೈನಸ್ 21 ಇರುವ ಸಿಗ್ನಲ್ ಅದರದೇ ಸ್ವರದ ಕಿರಿದಾದ ಕಿಂಡಿಯಲ್ಲಿ ಪ್ಲಸ್ 5. ಡಬ್ಲ್ಯುಎಸ್‌ಪಿಆರ್ ಎಂಬ ಇನ್ನೊಂದು ಮೋಡ್‌ನಲ್ಲಿ ಕಿಂಡಿ ಇನ್ನೂ ಕಿರಿದು, 1.46 ಹರ್ಟ್ಸ್. ಅಲ್ಲಿ 32 ಡೆಸಿಬೆಲ್ ಸಿಗುತ್ತದೆ. ಗದ್ದಲದಡಿ ಹೂತ ಸಿಗ್ನಲನ್ನು ಹೊರತೆಗೆಯುವುದರ ಗುಟ್ಟಿನಲ್ಲಿ ದೊಡ್ಡ ಪಾಲು ಇದೇ: ಕಿಂಡಿ ಕಿರಿದು, ಸಮಯ ಹೆಚ್ಚು. ಉಳಿದ ಪಾಲು ತಪ್ಪು ತಿದ್ದುವ ಸಂಕೇತದ್ದು. ಎಫ್‌ಟಿ8 ಕಳಿಸುವ ಸಂದೇಶ ಬರೀ 77 ಬಿಟ್. ಅದಕ್ಕೆ 14 ಬಿಟ್ ತಪಾಸಣೆ ಸೇರಿಸಿ, ಒಟ್ಟು 174 ಬಿಟ್‌ಗಳಾಗಿ ಹರಡಿ ಕಳಿಸುತ್ತದೆ. ದಾರಿಯಲ್ಲಿ ಒಂದಷ್ಟು ಬಿಟ್ ಕೆಟ್ಟರೂ ಸಂದೇಶ ಇಡಿಯಾಗಿ ಹೊರಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಅರ್ಧಂಬರ್ಧ ಎಂಬುದಿಲ್ಲ.

ಹೋಲಿಕೆಗೆ ಹೇಳುವುದಾದರೆ, ನುರಿತ ಕಿವಿಗೆ ಮೋರ್ಸ್ ಸುಮಾರು ಮೈನಸ್ 15ರವರೆಗೆ ಸಿಗುತ್ತದೆ. ದನಿಯ ಮಾತಿಗೆ ಸಿಗ್ನಲ್ ಗದ್ದಲಕ್ಕಿಂತ ಮೇಲೆಯೇ ಇರಬೇಕು.

| ಮೋಡ್ | ಒಂದು ಸರದಿ | ಅಗಲ | ಡಿಕೋಡ್ ಮಿತಿ |
|---|---|---|---|
| ಎಫ್‌ಟಿ4 | 7.5 ಸೆಕೆಂಡ್ | 83 ಹರ್ಟ್ಸ್ | −17.5 |
| ಎಫ್‌ಟಿ8 | 15 ಸೆಕೆಂಡ್ | 50 ಹರ್ಟ್ಸ್ | −21 |
| ಕ್ಯು65-30ಎ | 30 ಸೆಕೆಂಡ್ | 217 ಹರ್ಟ್ಸ್ | −24.8 |
| ಎಫ್‌ಎಸ್‌ಟಿ4-60 | 60 ಸೆಕೆಂಡ್ | 12 ಹರ್ಟ್ಸ್ | −28 |
| ಡಬ್ಲ್ಯುಎಸ್‌ಪಿಆರ್ | 2 ನಿಮಿಷ | 6 ಹರ್ಟ್ಸ್ | −31 |
| ಎಂಎಸ್‌ಕೆ144 | 15 ಸೆಕೆಂಡ್ | 2400 ಹರ್ಟ್ಸ್ | −8 |

ಮಿತಿ ಅತಿ ಕೆಳಗಿರುವುದೇ ಒಳ್ಳೆಯದು ಎಂದು ಈ ಪಟ್ಟಿ ನೋಡಿ ತೀರ್ಮಾನಿಸಬೇಡಿ. ಪ್ರತಿ ಡೆಸಿಬೆಲ್‌ಗೂ ಸಮಯದಲ್ಲೋ ಸಂದೇಶದ ಉದ್ದದಲ್ಲೋ ಬೆಲೆ ತೆತ್ತಿರುತ್ತೀರಿ.

ಕೆಲಸಕ್ಕೆ ತಕ್ಕ ಮೋಡ್

ಸಂಪರ್ಕ ಆಗಬೇಕು, ಲಾಗ್‌ಗೆ ಹೊಸ ದೇಶ ಬರಬೇಕು ಅನ್ನುವವರಿಗೆ ಎಫ್‌ಟಿ8. ಇದರಲ್ಲಿ ಯೋಚಿಸುವಂಥದ್ದು ಹೆಚ್ಚಿಲ್ಲ, ಜನ ಇರುವುದೇ ಅಲ್ಲಿ. ಸ್ಟೀವ್ ಫ್ರಾಂಕ್ ಮತ್ತು ಪ್ರಿನ್ಸ್‌ಟನ್‌ನ ಜೋ ಟೇಲರ್ 2017ರಲ್ಲಿ ಇದನ್ನು ಬಿಡುಗಡೆ ಮಾಡಿದರು. ಹೆಸರಿನ ಎಫ್ ಮತ್ತು ಟಿ ಅವರಿಬ್ಬರದೇ, 8 ಅನ್ನುವುದು ಸ್ವರಗಳ ಸಂಖ್ಯೆ. ಜೋಡಿ ಪಲ್ಸಾರ್ ಕಂಡುಹಿಡಿದದ್ದಕ್ಕೆ 1993ರ ಭೌತಶಾಸ್ತ್ರ ನೊಬೆಲ್ ಪಡೆದ ಟೇಲರ್ ಇವರೇ. ಆಕಾಶದ ಕ್ಷೀಣ ಸದ್ದು ಹೆಕ್ಕುವ ಕಸುಬು ಬಲ್ಲವರು ಹ್ಯಾಮ್‌ಗಳಿಗೆ ಮೋಡ್ ಬರೆದುಕೊಟ್ಟಿದ್ದಾರೆ ಅನ್ನುವುದನ್ನು ಮರೆಯಬಾರದು. ಒಂದು ಸಂಪರ್ಕಕ್ಕೆ ನಾಲ್ಕರಿಂದ ಆರು ಸರದಿ, ಅಂದರೆ ಒಂದರಿಂದ ಒಂದೂವರೆ ನಿಮಿಷ ಸಾಕು. ವಿನಿಮಯವಾಗುವುದು ಕರೆಗುರುತು, ಗ್ರಿಡ್ (ನೀವಿರುವ ಭೂಪಟದ ಚೌಕದ ಗುರುತು), ಸಿಗ್ನಲ್ ವರದಿ, 73 (ಶುಭಾಶಯ). ನಿಮ್ಮದೇ ಮಾತು ಬರೆಯಲು ಹೋದರೆ 13 ಅಕ್ಷರಕ್ಕೆ ಮುಗಿಯುತ್ತದೆ.

ಗ್ರಿಡ್ ತಪ್ಪು ಹಾಕಿಕೊಂಡವರು ಬಹಳ ಮಂದಿ. ಬೆಂಗಳೂರು, ಮೈಸೂರು ಎರಡೂ ಎಂಕೆ82. ಮಂಗಳೂರು ಎಂಕೆ72, ಶಿವಮೊಗ್ಗ ಎಂಕೆ73, ಹುಬ್ಬಳ್ಳಿ ಮತ್ತು ಬೆಳಗಾವಿ ಎಂಕೆ75, ಬಳ್ಳಾರಿ ಎಂಕೆ85, ಕಲಬುರಗಿ ಎಂಕೆ87.

ಎಫ್‌ಟಿ4 ಬಂದದ್ದು 2019ರಲ್ಲಿ, ಸ್ಪರ್ಧೆಗಳಿಗೆಂದೇ. ಸಮಯ ಅರ್ಧ, ಆದರೆ 3.5 ಡೆಸಿಬೆಲ್ ಕಳೆದುಕೊಳ್ಳುತ್ತೀರಿ. ಎಫ್‌ಟಿ8ರಲ್ಲಿ 20 ವಾಟ್ ಮಾಡುವ ಕೆಲಸಕ್ಕೆ ಇಲ್ಲಿ 45 ವಾಟ್ ಬೇಕು. ಹಾಗಿದ್ದೂ ದಕ್ಷಿಣ ಭಾರತದವರಿಗೆ ಎಫ್‌ಟಿ4 ಕಡೆ ನೋಡಲು ಇನ್ನೊಂದು ಕಾರಣವಿದೆ. ಭೂಕಾಂತೀಯ ಸಮಭಾಜಕ ಹಾದುಹೋಗುವುದು ಭಾರತದ ದಕ್ಷಿಣ ತುದಿಯ ಬಳಿ. ಕೇರಳದ ತುಂಬಾದಲ್ಲಿ ರಾಕೆಟ್ ಕೇಂದ್ರ ಮಾಡಿದ್ದೂ ಆ ಕಾರಣಕ್ಕೇ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಸೂರ್ಯ ಮುಳುಗಿದ ಮೇಲೆ ನಮ್ಮ ತಲೆಯ ಮೇಲಿನ ಅಯಾನುಗೋಳ ಕದಡಿ ಗುಳ್ಳೆ ಗುಳ್ಳೆಯಾಗುತ್ತದೆ. ಅದರ ಮೂಲಕ ಬಂದ ಸಿಗ್ನಲ್ ವಾಟರ್‌ಫಾಲ್‌ನಲ್ಲಿ (ಸಿಗ್ನಲ್‌ಗಳನ್ನು ಗೆರೆಗಳಾಗಿ ತೋರಿಸುವ ಕಿಟಕಿಯಲ್ಲಿ) ಚೂಪು ಗೆರೆಯಾಗಿ ಕಾಣದೆ, ಒದ್ದೆ ಕಾಗದದ ಮೇಲೆ ಎಳೆದ ಶಾಯಿಗೆರೆಯಂತೆ ಹರಡಿಕೊಳ್ಳುತ್ತದೆ. ಗೆರೆ ದಪ್ಪವಾಗಿದೆ, ಸಿಗ್ನಲ್ ಜೋರಾಗಿದೆ, ಡಿಕೋಡ್ ಮಾತ್ರ ಆಗುವುದಿಲ್ಲ. 1.46 ಹರ್ಟ್ಸ್ ಅಂತರದ ಡಬ್ಲ್ಯುಎಸ್‌ಪಿಆರ್ ಮೊದಲು ಕೈಕೊಡುತ್ತದೆ, ಆಮೇಲೆ ಎಫ್‌ಟಿ8. ಸ್ವರಗಳ ನಡುವೆ 20.8 ಹರ್ಟ್ಸ್ ಜಾಗವಿರುವ ಎಫ್‌ಟಿ4 ಇವೆರಡಕ್ಕಿಂತ ಹೆಚ್ಚು ತಡೆದುಕೊಳ್ಳುತ್ತದೆ. ಅಂಥ ಸಂಜೆ ಸಾಫ್ಟ್‌ವೇರ್ ಕೆಟ್ಟಿದೆ ಎಂದು ಮರುಸ್ಥಾಪಿಸುತ್ತಾ ಕೂರಬೇಡಿ. 14.074ರಿಂದ 14.080ಕ್ಕೆ ಹೋಗಿ ಎಫ್‌ಟಿ4 ಹಾಕಿ ನೋಡಿ.

ಮಾತಾಡುವುದು ಬೇಡ, ನನ್ನ ಆಂಟೆನಾ ಎಷ್ಟು ದೂರ ಮುಟ್ಟುತ್ತಿದೆ ಎಂದು ತಿಳಿಯಬೇಕು ಅನ್ನುವವರಿಗೆ ಡಬ್ಲ್ಯುಎಸ್‌ಪಿಆರ್. 2008ರಿಂದ ಇದೆ. ಕರೆಗುರುತು, ನಾಲ್ಕಕ್ಷರದ ಗ್ರಿಡ್, ಡಿಬಿಎಂ (ಒಂದು ಮಿಲಿವಾಟ್‌ಗೆ ಹೋಲಿಸಿದ ಡೆಸಿಬೆಲ್) ಲೆಕ್ಕದಲ್ಲಿ ಪವರ್, ಇಷ್ಟೇ ಸಂದೇಶ, 50 ಬಿಟ್. ಸಮ ನಿಮಿಷ ಶುರುವಾದ ಒಂದು ಸೆಕೆಂಡಿಗೆ ಆರಂಭವಾಗಿ 110.6 ಸೆಕೆಂಡ್ ಓಡುತ್ತದೆ. ನಮ್ಮ ಗಡಿಯಾರ ಯುಟಿಸಿಗಿಂತ (ಜಗತ್ತಿನ ಪ್ರಮಾಣ ಸಮಯಕ್ಕಿಂತ) ಐದೂವರೆ ಗಂಟೆ ಮುಂದಿದ್ದರೂ ಸಮ ನಿಮಿಷ ಸಮ ನಿಮಿಷವೇ, ಗೊಂದಲ ಬೇಡ. ಇಪ್ಪತ್ತು ಮೀಟರ್ ಬ್ಯಾಂಡಿನಲ್ಲಿ ಡಯಲ್ 14.0956 ಮೆಗಾಹರ್ಟ್ಸ್, ನಲವತ್ತರಲ್ಲಿ 7.0386. ಎಲ್ಲರೂ ಸೇರಿ ಬಳಸುವುದು 1400ರಿಂದ 1600 ಹರ್ಟ್ಸ್‌ವರೆಗಿನ 200 ಹರ್ಟ್ಸ್ ಪಟ್ಟಿ ಮಾತ್ರ.

ಎರಡು ಆಂಟೆನಾ ಹೋಲಿಸಲು ಇದಕ್ಕಿಂತ ಪ್ರಾಮಾಣಿಕ ಸಾಧನ ಇನ್ನೊಂದಿಲ್ಲ, ಆದರೆ ಹೋಲಿಸುವ ಕ್ರಮ ಸರಿಯಿರಬೇಕು. ಇವತ್ತು ಡೈಪೋಲ್, ನಾಳೆ ವರ್ಟಿಕಲ್ ಎಂದು ಮಾಡಿದರೆ ಅಳೆದದ್ದು ಆಂಟೆನಾವನ್ನಲ್ಲ, ಹವಾಮಾನವನ್ನು. ಒಂದು ಸರದಿ ಬಿಟ್ಟು ಒಂದು ಸರದಿ ಆಂಟೆನಾ ಬದಲಿಸಿ. ದೂರದ ಒಂದೇ ಸ್ಟೇಷನ್ ಕೊಟ್ಟ ವರದಿಗಳನ್ನು ಮಾತ್ರ ಜೋಡಿ ಮಾಡಿ. ಸಿಗ್ನಲ್ ಏರಿಳಿತವೇ ಹತ್ತು ಡೆಸಿಬೆಲ್ ಇರುವುದರಿಂದ ಒಂದು ಹಗಲು, ಒಂದು ರಾತ್ರಿಯ ಸರಾಸರಿ ತೆಗೆಯಿರಿ. ಬೇರೆಯವರೊಂದಿಗೆ ಹೋಲಿಸುವಾಗ ಪವರ್‌ನ ಅಂತರವನ್ನು ಲೆಕ್ಕದಿಂದ ಕಳೆಯಿರಿ: 37 ಡಿಬಿಎಂ ಅಂದರೆ 5 ವಾಟ್, 23 ಡಿಬಿಎಂ ಅಂದರೆ 200 ಮಿಲಿವಾಟ್, ನಡುವಿನ 14 ಡೆಸಿಬೆಲ್ ಅವರ ಆಂಟೆನಾದ ಹೆಚ್ಚುಗಾರಿಕೆ ಅಲ್ಲ.

ನಿಜವಾಗಿ ಮಾತಾಡಬೇಕು, ವಾಕ್ಯ ಬರೆಯಬೇಕು ಅನ್ನುವವರಿಗೆ ಜೆಎಸ್8. ಎಫ್‌ಟಿ8ರ ಅಡಿಪಾಯದ ಮೇಲೆಯೇ ಕಟ್ಟಿದ್ದು, ಆದರೆ ಕೀಬೋರ್ಡಿನಿಂದ ಎಷ್ಟುದ್ದದ ಮಾತನ್ನಾದರೂ ತುಂಡು ತುಂಡಾಗಿ ಕಳಿಸುತ್ತದೆ. ಸಾಮಾನ್ಯ ವೇಗದಲ್ಲಿ 15 ಸೆಕೆಂಡಿನ ಸರದಿ, ನಿಮಿಷಕ್ಕೆ ಸುಮಾರು 16 ಪದ. ನಿಧಾನದ್ದು 30 ಸೆಕೆಂಡ್, ಟರ್ಬೊ 6 ಸೆಕೆಂಡ್. ಮೂರನೆಯ ಸ್ಟೇಷನ್ ಮೂಲಕ ಸಂದೇಶ ದಾಟಿಸಬಹುದು, ಅವರಲ್ಲಿ ಕೂಡಿಟ್ಟು ನಂತರ ಪಡೆಯಬಹುದು. ಪ್ರವಾಹದಲ್ಲಿ ಮೊಬೈಲ್ ಟವರ್ ಹೋದಾಗ ಬೇಕಾಗುವುದು ಇಂಥದ್ದೇ. ತೊಡಕು ಏನೆಂದರೆ 7.078, 14.078ರಲ್ಲಿ ನಮ್ಮ ಕಡೆಯಿಂದ ಗಂಟೆಗಟ್ಟಲೆ ಕರೆದರೂ ಯಾರೂ ಸಿಗದಿರಬಹುದು. ಗೆಳೆಯರ ಗುಂಪು ಕಟ್ಟಿಕೊಂಡು ಸಮಯ ಗೊತ್ತು ಮಾಡಿಕೊಂಡರೆ ಮಾತ್ರ ಇದು ಬದುಕುತ್ತದೆ.

ಪಿಎಸ್‌ಕೆ31, ಒಲಿವಿಯಾ ಹಳೆಯವು, ಹೀಗಾಗಿ ಹೊಸಬರು ಕಡೆಗಣಿಸುತ್ತಾರೆ. ಇವಕ್ಕೆ ಗಡಿಯಾರದ ಹಂಗಿಲ್ಲ, ಅದೊಂದು ದೊಡ್ಡ ಗುಣ. ಇಂಟರ್‌ನೆಟ್ಟೂ ಇಲ್ಲ, ಜಿಪಿಎಸ್ಸೂ ಇಲ್ಲ, ಲ್ಯಾಪ್‌ಟಾಪ್ ಗಡಿಯಾರ ಎಷ್ಟೋ ಹಿಂದಿದೆ ಅನ್ನುವಲ್ಲಿ ಒಲಿವಿಯಾ 8/500 ಹಾಕಿದರೆ ಕೆಲಸ ಸಾಗುತ್ತದೆ. ಪಿಎಸ್‌ಕೆ31ಕ್ಕೆ ತಪ್ಪು ತಿದ್ದುವ ಶಕ್ತಿಯಿಲ್ಲ. ಸಿಗ್ನಲ್ ಇಳಿದರೆ ಅಕ್ಷರಗಳು ಕಲಸಿಹೋಗುತ್ತವೆ. ಆದ್ದರಿಂದ ಕ್ಷೀಣ ಸಿಗ್ನಲ್‌ಗೆ ಇವೆರಡರಲ್ಲಿ ಒಲಿವಿಯಾ.

ಉಳಿದವು ವಿಶೇಷ ಕೆಲಸಗಳಿಗೆ. ಉಲ್ಕೆಯ ಜಾಡಿನಿಂದ ಪುಟಿಯುವ ಸಿಗ್ನಲ್‌ಗೆ ಎಂಎಸ್‌ಕೆ144, ಅದರ ಒಂದು ಚೌಕಟ್ಟು 72 ಮಿಲಿಸೆಕೆಂಡ್ ಮಾತ್ರ. ಡಿಸೆಂಬರ್ 13-14ರ ಜೆಮಿನಿಡ್ ಉಲ್ಕಾವೃಷ್ಟಿ ಇದಕ್ಕೆ ಹಬ್ಬ. ಚಂದ್ರನಿಂದ ಪ್ರತಿಫಲಿಸಿ ಬರುವುದಕ್ಕೆ, ಚದುರಿದ ವಿಎಚ್‌ಎಫ್ ಹಾದಿಗೆ ಕ್ಯು65. ಅದು ಒಂದೇ ಸಂದೇಶದ ಹಲವು ಸರದಿಗಳನ್ನು ಕೂಡಿಸಿ ಬಿಡಿಸಬಲ್ಲದು. ಎಫ್‌ಎಸ್‌ಟಿ4ರ ಉದ್ದ ಸರದಿಗಳು ಕಡಿಮೆ ಆವರ್ತನದ (ಎಲ್‌ಎಫ್, ಎಂಎಫ್) ಬ್ಯಾಂಡ್‌ಗಳಿಗೆಂದು ಮಾಡಿದ್ದು. 14 ಮೆಗಾಹರ್ಟ್ಸ್‌ನಲ್ಲಿ 15 ನಿಮಿಷದ ಸರದಿ ಹಾಕಿದರೆ ಅಯಾನುಗೋಳವೇ ಸ್ವರವನ್ನು ಅಲುಗಾಡಿಸಿ ಹಾಳು ಮಾಡುತ್ತದೆ.

ಸಾಫ್ಟ್‌ವೇರ್‌ಗಳ ನಡುವೆ

ಡಬ್ಲ್ಯುಎಸ್‌ಜೆಟಿ-ಎಕ್ಸ್ ಮೂಲ. ಉಚಿತ, ಮುಕ್ತ ಆಕರ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ, ರಾಸ್ಪ್‌ಬೆರಿ ಪೈಗೂ ಇದೆ. ಮೇಲಿನ ಪಟ್ಟಿಯ ಎಲ್ಲ ಮೋಡ್‌ಗಳೂ ಒಂದರಲ್ಲೇ ಸಿಗುತ್ತವೆ. ಡಿಕೋಡ್ ಮೆನುವಿನಲ್ಲಿ ಫಾಸ್ಟ್, ನಾರ್ಮಲ್, ಡೀಪ್ ಎಂಬ ಮೂರು ಮಟ್ಟಗಳಿವೆ. ಎಫ್‌ಟಿ8ರ ಡಿಕೋಡಿಂಗ್ 11.8, 13.5, 14.7ನೇ ಸೆಕೆಂಡುಗಳಲ್ಲಿ ಮೂರು ಕಂತಾಗಿ ನಡೆಯುತ್ತದೆ. ಸಿಗಬಹುದಾದವುಗಳಲ್ಲಿ ಸುಮಾರು ಶೇ 85ರಷ್ಟು ಮೊದಲ ಕಂತಿನಲ್ಲೇ ಬಂದುಬಿಡುವುದರಿಂದ ಉತ್ತರ ಕೊಡಲು ಸಮಯ ಉಳಿಯುತ್ತದೆ. ದೂರದ ದ್ವೀಪಗಳಿಗೆ ಹೋಗಿ ಅಲ್ಲಿಂದ ಪ್ರಸಾರ ಮಾಡುವ ತಂಡಗಳು ಬಳಸುವ ಸೂಪರ್‌ಫಾಕ್ಸ್ ಬಿಡಿಸಲು 2.7 ಅಥವಾ ಅದರ ನಂತರದ ಆವೃತ್ತಿ ಬೇಕು.

ಜೆಟಿಡಿಎಕ್ಸ್ ಅದೇ ಕೋಡಿನಿಂದ ಕವಲೊಡೆದದ್ದು, ಗಮನವೆಲ್ಲ ಶಾರ್ಟ್‌ವೇವ್ ಡಿಎಕ್ಸ್ (ದೂರದ ಸಂಪರ್ಕ) ಮೇಲೆ. ಎಷ್ಟು ಬಾರಿ ಹುಡುಕಬೇಕು, ಸೂಕ್ಷ್ಮತೆ ಎಷ್ಟಿರಬೇಕು, ಎಷ್ಟು ಥ್ರೆಡ್ ಬಳಸಬೇಕು ಎಂದು ನೀವೇ ಗೊತ್ತುಮಾಡಬಹುದು. ಬರೀ ಕೇಳುವವರಿಗೆ ಎಸ್‌ಡಬ್ಲ್ಯುಎಲ್ ಮೋಡ್ ಇದೆ. ಕಿಕ್ಕಿರಿದ 7.074ರಲ್ಲಿ ಜೋರು ಸಿಗ್ನಲ್‌ಗಳ ನಡುವೆ ಸಿಕ್ಕಿಕೊಂಡ ಕ್ಷೀಣವನ್ನು ಇದು ಕೆಲವೊಮ್ಮೆ ಹೆಚ್ಚು ಹೆಕ್ಕುತ್ತದೆ. ಆದರೆ ಕ್ಯು65, ಎಂಎಸ್‌ಕೆ144, ಎಫ್‌ಎಸ್‌ಟಿ4 ಇದರಲ್ಲಿಲ್ಲ. ಸೂಕ್ಷ್ಮತೆ ತುದಿಗೇರಿಸಿದರೆ ಸುಳ್ಳು ಡಿಕೋಡ್ ಕೂಡ ಏರುತ್ತದೆ.

ಸುಳ್ಳು ಡಿಕೋಡ್ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡಿ. ಸಾಲಿನ ಮೊದಲಲ್ಲಿ ಮೈನಸ್ 24, ಪಕ್ಕದ ಡಿಟಿ (ಸೆಕೆಂಡಿನಲ್ಲಿ ಸಮಯದ ಅಂತರ) ಕಾಲಂನಲ್ಲಿ ಉಳಿದವರೆಲ್ಲ 0.1, 0.2 ಇರುವಾಗ ಇದೊಂದು 1.9. ಕರೆಗುರುತು ಅಪರೂಪದ ದೇಶದ್ದು, ಗ್ರಿಡ್ ನೋಡಿದರೆ ಆ ದೇಶದಿಂದ ಸಾವಿರಾರು ಕಿಲೋಮೀಟರ್ ದೂರದ ನಡುಗಡಲು. ಸಾಲಿನ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ, ಅದರ ಬೆನ್ನಿಗೆ ಎ2ನಂಥ ಗುರುತು. ಗೊತ್ತಿರುವ ಮಾಹಿತಿಯನ್ನು ಮೊದಲೇ ಊಹಿಸಿಕೊಂಡು ಉಳಿದ ಬಿಟ್‌ಗಳನ್ನು ತುಂಬಿದ್ದೇನೆ ಎಂದು ಡಿಕೋಡರ್ ತಾನೇ ಒಪ್ಪಿಕೊಳ್ಳುವ ಗುರುತು ಅದು. ಮುಂದಿನ ಸರದಿಯಲ್ಲಿ ಅದೇ ಜಾಗದಲ್ಲಿ ಅದೇ ಕರೆಗುರುತು ಮತ್ತೆ ಬರದಿದ್ದರೆ ಲಾಗ್ ಮಾಡಬೇಡಿ. ಹೊಸ ದೇಶ ಸಿಕ್ಕ ಖುಷಿಯಲ್ಲಿ ಇದನ್ನು ಮರೆಯುವುದು ಸುಲಭ.

ಎಂಎಸ್‌ಎಚ್‌ವಿ ಉಲ್ಕೆಯ ಕೆಲಸದವರಿಗೆ ಅಚ್ಚುಮೆಚ್ಚು. ವಿಂಡೋಸ್, ಲಿನಕ್ಸ್‌ನಲ್ಲಿ ಓಡುತ್ತದೆ, ಏಕಕಾಲಕ್ಕೆ ಹಲವರಿಗೆ ಉತ್ತರಿಸಬಲ್ಲದು. ಜೆಎಸ್8ಕ್ಕೆ ಜೆಎಸ್8ಕಾಲ್. ಕೇಳಿಬಂದ ಸಿಗ್ನಲ್‌ಗಳ ಆಧಾರದ ಮೇಲೆ ತನ್ನ ಸಮಯ ತಿದ್ದಿಕೊಳ್ಳುವ ಸೌಲಭ್ಯ ಇದರಲ್ಲಿದೆ, ಕಾಡಿನಲ್ಲಿ ಕೂತಾಗ ಬಹಳ ಉಪಕಾರಿ. ಪಿಎಸ್‌ಕೆ, ಒಲಿವಿಯಾಗೆ ಎಫ್‌ಎಲ್‌ಡಿಜಿ.

ನಮ್ಮ ಸಲಹೆ ನೇರ: ಡಬ್ಲ್ಯುಎಸ್‌ಜೆಟಿ-ಎಕ್ಸ್‌ನಿಂದ ಶುರು ಮಾಡಿ, ಒಂದು ತಿಂಗಳು ಅದನ್ನೇ ಬಳಸಿ. ಆಮೇಲೂ ಜೆಟಿಡಿಎಕ್ಸ್ ಬೇಕೆನಿಸಿದರೆ ಯಾರ ಮಾತನ್ನೂ ಕೇಳದೆ ನೀವೇ ಪರೀಕ್ಷಿಸಿ. ಸೇವ್ ಮೆನುವಿನಲ್ಲಿ ಸೇವ್ ಆಲ್ ಆರಿಸಿ ಹತ್ತು ನಿಮಿಷ ಬಿಡಿ. 40 ವೇವ್ ಫೈಲ್‌ಗಳು ಸಿಗುತ್ತವೆ, ಸೆಕೆಂಡಿಗೆ 12,000 ಮಾದರಿ, 16 ಬಿಟ್, ಒಂದೊಂದು ಸುಮಾರು 360 ಕಿಲೋಬೈಟ್. ಅವೇ ಫೈಲ್‌ಗಳನ್ನು ಎರಡರಲ್ಲೂ ತೆರೆದು ಎಣಿಸಿ, ಎಣಿಕೆಯಿಂದ ಸುಳ್ಳುಗಳನ್ನು ಕಳೆಯಿರಿ. ಬೆಳಗ್ಗೆ ಒಂದು, ಸಂಜೆ ಒಂದು ಓಡಿಸಿ ಹೋಲಿಸಿದರೆ ಅದು ಹೋಲಿಕೆಯೇ ಅಲ್ಲ. ಕೆಲಸ ಮುಗಿದ ಮೇಲೆ ಸೇವ್ ಆಲ್ ತೆಗೆಯಲು ಮರೆಯಬೇಡಿ, ದಿನಕ್ಕೆ ಎರಡು ಗಿಗಾಬೈಟ್ ತುಂಬುತ್ತದೆ.

ಎರಡನ್ನೂ ಒಟ್ಟಿಗೆ ಓಡಿಸುವುದಾದರೆ ರಿಗ್ ನಿಯಂತ್ರಣದ ಸೀರಿಯಲ್ ಪೋರ್ಟ್ ಒಂದಕ್ಕೆ ಮಾತ್ರ ಕೊಡಿ, ಇನ್ನೊಂದರಲ್ಲಿ ರಿಗ್ ಜಾಗದಲ್ಲಿ ನನ್ (None) ಎಂದಿರಲಿ. ಯುಡಿಪಿ ಪೋರ್ಟ್ 2237 ಎರಡರಲ್ಲೂ ಒಂದೇ ಇದ್ದರೆ ಲಾಗ್ ಪ್ರೋಗ್ರಾಮಿಗೆ ಎರಡೆರಡು ಸಾಲು ಹೋಗುತ್ತವೆ. ಕಂಪ್ಯೂಟರ್ ಹಳೆಯದಾಗಿದ್ದರೆ ಡೀಪ್ ಬೇಡ. ಡಿಕೋಡ್ ಮುಗಿಯುವಷ್ಟರಲ್ಲಿ ಮುಂದಿನ ಸರದಿ ಶುರುವಾಗಿ ನಿಮ್ಮ ಉತ್ತರ ತಡವಾಗುತ್ತದೆ. ಎಫ್‌ಟಿ4ರಲ್ಲಿ ಸಿಗುವ ಬಿಡುವು ಎರಡೂವರೆ ಸೆಕೆಂಡಿನ ಆಸುಪಾಸು.

ಗಡಿಯಾರ, ಮಟ್ಟ, ಗದ್ದಲ

ವಾಟರ್‌ಫಾಲ್ ತುಂಬ ಗೆರೆಗಳಿವೆ, ಡಿಕೋಡ್ ಸೊನ್ನೆ: ಹತ್ತರಲ್ಲಿ ಒಂಬತ್ತು ಸಲ ಗಡಿಯಾರದ ದೋಷ. ಯುಟಿಸಿಯಿಂದ ಒಂದು ಸೆಕೆಂಡಿನೊಳಗೆ ಇರಬೇಕು, ಎರಡೂವರೆ ದಾಟಿದರೆ ಎಫ್‌ಟಿ8 ಸತ್ತಂತೆಯೇ. ವಿಂಡೋಸ್ ತನ್ನಷ್ಟಕ್ಕೆ ಸಮಯ ಸರಿಪಡಿಸಿಕೊಳ್ಳುವುದು ಅಪರೂಪಕ್ಕೆ, ಅದನ್ನು ನಂಬಬೇಡಿ. ಮೈನ್‌ಬರ್ಗ್ ಎನ್‌ಟಿಪಿ ಹಾಕಿಕೊಳ್ಳಿ, ಲಿನಕ್ಸ್‌ನಲ್ಲಿ ಕ್ರೋನಿ. ಇಂಟರ್‌ನೆಟ್ ಇಲ್ಲದ ಕಡೆಗೆ ಯುಎಸ್‌ಬಿ ಜಿಪಿಎಸ್ ಒಯ್ಯಿರಿ. ತಪ್ಪು ಯಾರದು ಎಂದು ಡಿಟಿ ಕಾಲಂ ಹೇಳುತ್ತದೆ. ಒಬ್ಬರ ಡಿಟಿ ಮಾತ್ರ 1.4 ಇದ್ದರೆ ಅವರ ಗಡಿಯಾರ ಕೆಟ್ಟಿದೆ. ಎಲ್ಲರದೂ 1.3, 1.4 ಇದ್ದರೆ ನಿಮ್ಮದೇ ಗಡಿಯಾರ ಅಷ್ಟು ಮುಂದೆ ಓಡುತ್ತಿದೆ, ಅಥವಾ ಧ್ವನಿ ನಿಮಗೆ ತಡವಾಗಿ ತಲುಪುತ್ತಿದೆ. ಕಿವಿಎಸ್‌ಡಿಆರ್ ಅಥವಾ ವೆಬ್‌ಎಸ್‌ಡಿಆರ್‌ನಿಂದ (ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ತೆರೆದಿಟ್ಟ ರಿಸೀವರ್‌ಗಳಿಂದ) ಬ್ರೌಸರ್ ಮೂಲಕ ತರುವಾಗ ಒಂದೆರಡು ಸೆಕೆಂಡಿನ ಈ ತಡ ಇದ್ದದ್ದೇ. ಹಾಗೆ ಬೇರೆಯವರ ರಿಸೀವರ್ ಬಳಸುವಾಗ ಪಿಎಸ್‌ಕೆ ರಿಪೋರ್ಟರ್‌ಗೆ (ಯಾರು ಎಲ್ಲಿ ಕೇಳಿಸಿದರು ಎಂದು ನಕ್ಷೆಯಲ್ಲಿ ತೋರಿಸುವ ತಾಣಕ್ಕೆ) ವರದಿ ಹೋಗುವ ಆಯ್ಕೆ ತೆಗೆದುಬಿಡಿ. ಜರ್ಮನಿಯಲ್ಲಿ ಕೇಳಿದ್ದು ಎಂಕೆ82ರಲ್ಲಿ ಕೇಳಿದಂತೆ ದಾಖಲಾದರೆ ಆ ನಕ್ಷೆಯನ್ನು ನಂಬುವ ಎಲ್ಲರಿಗೂ ಮೋಸ.

ಧ್ವನಿ ಮಟ್ಟಕ್ಕೆ ಒಂದೇ ಸಂಖ್ಯೆ ನೆನಪಿಟ್ಟುಕೊಳ್ಳಿ: ಸಿಗ್ನಲ್ ಇಲ್ಲದ ಬರೀ ಗದ್ದಲಕ್ಕೆ ಡಬ್ಲ್ಯುಎಸ್‌ಜೆಟಿ-ಎಕ್ಸ್‌ನ ಮೀಟರ್ 30 ಡೆಸಿಬೆಲ್ ಹತ್ತಿರ ನಿಲ್ಲಬೇಕು. 60, 70ಕ್ಕೆ ಏರಿಸಿದರೆ ಹೆಚ್ಚು ಸಿಗುತ್ತದೆ ಎಂಬುದು ಭ್ರಮೆ, ಜೋರು ಸಿಗ್ನಲ್ ಬಂದಾಗ ಧ್ವನಿ ಕತ್ತರಿಸಿ ಇಲ್ಲದ ಗೆರೆಗಳೆಲ್ಲ ಹುಟ್ಟುತ್ತವೆ. ವಿಂಡೋಸ್‌ನಲ್ಲಿ ಮೈಕ್ ಬೂಸ್ಟ್, ಧ್ವನಿ ಸುಧಾರಣೆ ಎರಡನ್ನೂ ಬಂದ್ ಮಾಡಿ. ಮೈಕ್ರೊಫೋನ್ ಅನುಮತಿ ಕೊಟ್ಟಿದ್ದೀರಾ ನೋಡಿ, ಅದಿಲ್ಲದಿದ್ದರೆ ಮೀಟರ್ ಸೊನ್ನೆಯಲ್ಲೇ ಕೂರುತ್ತದೆ. ಮಾದರಿ ದರ 48,000. ರಿಗ್‌ನಲ್ಲಿ ಯುಎಸ್‌ಬಿ-ಡೇಟಾ ಮೋಡ್ (ಇಲ್ಲಿ ಯುಎಸ್‌ಬಿ ಅಂದರೆ ಕೇಬಲ್ ಅಲ್ಲ, ಅಪ್ಪರ್ ಸೈಡ್‌ಬ್ಯಾಂಡ್), ಫಿಲ್ಟರ್ ಸಿಗುವಷ್ಟು ಅಗಲ, ನಾಯ್ಸ್ ಬ್ಲ್ಯಾಂಕರ್ ಮತ್ತು ನಾಯ್ಸ್ ರಿಡಕ್ಷನ್ ಬಂದ್. ಎಜಿಸಿ (ಗೇನನ್ನು ತಾನಾಗಿ ಏರಿಳಿಸುವ ವ್ಯವಸ್ಥೆ) ಬಂದ್ ಮಾಡಲಾಗದಿದ್ದರೆ ಆರ್‌ಎಫ್ ಗೇನ್ ತಗ್ಗಿಸಿ. ಇಲ್ಲದಿದ್ದರೆ ಪಕ್ಕದೂರಿನ ಒಂದು ಜೋರು ಸ್ಟೇಷನ್ ಬಂದಾಗಲೆಲ್ಲ ಇಡೀ ಬ್ಯಾಂಡ್ ಕೆಳಗೆ ಕುಸಿಯುತ್ತದೆ.

ಐಸಿ-7300ರಂಥ ರಿಗ್‌ಗೆ ಯುಎಸ್‌ಬಿ ಕೇಬಲ್ ಒಂದೇ ಸಾಕು. ಹಳೆಯ ರಿಗ್‌ಗೆ ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್ ಹಾಕುವುದಾದರೆ ಹೆಡ್‌ಫೋನ್ ಧ್ವನಿಯನ್ನು ನೇರ ಮೈಕ್ ಒಳಕ್ಕೆ ಬಿಡಬೇಡಿ. 10 ಕಿಲೋಓಮ್ ಸರಣಿಯಲ್ಲಿ, 100 ಓಮ್ ಭೂಮಿಗೆ, ಹೀಗೆ ನೂರರಲ್ಲಿ ಒಂದು ಭಾಗ ಮಾಡಿ ಬಿಡಿ. ನಡುವೆ 600 ಓಮ್‌ನ 1:1 ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇದ್ದರೆ 50 ಹರ್ಟ್ಸ್ ಗುಂಯ್‌ಗಾಟ ಹೋಗುತ್ತದೆ. ಬರೀ ಕೇಳುವವರು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್) ಕೊಂಡರೂ ಸಾಕು, ಆದರೆ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ಟಿಸಿಎಕ್ಸ್‌ಓ, ಅಂದರೆ ಬಿಸಿಗೆ ಅಷ್ಟಾಗಿ ಜರುಗದ ಕ್ರಿಸ್ಟಲ್, ಇರುವುದನ್ನೇ ಕೊಳ್ಳಿ. 14 ಮೆಗಾಹರ್ಟ್ಸ್‌ನಲ್ಲಿ 1 ಪಿಪಿಎಂ ಅಂದರೆ 14 ಹರ್ಟ್ಸ್. ಒಂದೇ ಸಮ 14 ಹರ್ಟ್ಸ್ ಆಚೆ ಇದ್ದರೆ ತೊಂದರೆಯಿಲ್ಲ, ಬಿಸಿಯಾಗುತ್ತಾ ಜರುಗಿದರೆ ಡಬ್ಲ್ಯುಎಸ್‌ಪಿಆರ್ ಕೆಡುತ್ತದೆ. ಅರ್ಧ ಗಂಟೆ ಮೊದಲೇ ಹಚ್ಚಿಡಿ, ಫ್ಯಾನ್ ಗಾಳಿ ತಾಗದಂತೆ ಇಡಿ.

ಈಗ ಗದ್ದಲ. ಮೊದಲ ಪರೀಕ್ಷೆ ಒಂದು ನಿಮಿಷದ್ದು. ಆಂಟೆನಾ ಕಳಚಿ ಮೀಟರ್ ನೋಡಿ, ಮತ್ತೆ ಹಾಕಿ ನೋಡಿ. ಆಂಟೆನಾ ಹಾಕಿದಾಗ ಆರೇಳು ಡೆಸಿಬೆಲ್ ಏರಿದರೆ ರಿಸೀವರಿನ ಸೂಕ್ಷ್ಮತೆ ಸಾಕು, ನಲವತ್ತು ಮೀಟರಿನಲ್ಲಿ ಪ್ರಿಆಂಪ್ ಹಾಕಿ ಏನೂ ಗಳಿಸುವುದಿಲ್ಲ. ಎರಡನೆಯದು: 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಿಂದ ರಿಗ್, ಸ್ವಂತ ಬ್ಯಾಟರಿಯಲ್ಲಿ ಲ್ಯಾಪ್‌ಟಾಪ್ ಓಡಿಸಿ, ಮನೆಯ ಎಂಸಿಬಿಗಳನ್ನು ಒಂದೊಂದಾಗಿ ಕೆಳಗಿಳಿಸುತ್ತಾ ವಾಟರ್‌ಫಾಲ್ ನೋಡಿ. 100 ಹರ್ಟ್ಸ್ ಅಂತರದಲ್ಲಿ ಸಾಲುಗಟ್ಟಿ ನಿಂತ ಗೆರೆಗಳು ಮೈನ್ಸ್‌ನಿಂದ ಓಡುವ ಚಾರ್ಜರ್, ಅಡಾಪ್ಟರ್‌ಗಳ ಕುರುಹು. ಹಾವಿನಂತೆ ತೂರಾಡುತ್ತಾ ನಿಧಾನ ಜರುಗುವ ಪಟ್ಟೆ ಹೆಚ್ಚಾಗಿ ಎಲ್‌ಇಡಿ ಡ್ರೈವರ್ ಅಥವಾ ಯುಪಿಎಸ್ ಇನ್ವರ್ಟರ್. ಯಾವ ಎಂಸಿಬಿಗೆ ಮಾಯವಾಯಿತೋ ಆ ಕೋಣೆಯಲ್ಲಿ ಪ್ಲಗ್ ಒಂದೊಂದೇ ಕೀಳಿ. ಏಪ್ರಿಲ್-ಮೇ ತಿಂಗಳ ಸಂಜೆ ಸಿಡಿಲಿನ ಚಿಟಪಟ ಬೇರೆ, ಅದಕ್ಕೆ ಎಂಸಿಬಿ ಇಲ್ಲ. ಇಪ್ಪತ್ತು ಮೀಟರಿಗೋ ಹದಿನೈದಕ್ಕೋ ಏರಿ, ಸಿಡಿಲು ಹತ್ತಿರ ಬಂದರೆ ಆಂಟೆನಾ ಕಳಚಿ.

ಕೋಆಕ್ಸ್‌ನ (ಆಂಟೆನಾ ಕೇಬಲ್ಲಿನ) ಹೊರಮೈ ಮೇಲೆ ಹರಿದು ಬರುವ ಗದ್ದಲಕ್ಕೆ ಎಫ್‌ಟಿ240-31 ಫೆರೈಟ್ ಉಂಗುರಕ್ಕೆ ಆರ್‌ಜಿ-58 ಕೇಬಲನ್ನು ಹತ್ತು ಹನ್ನೆರಡು ಸುತ್ತು ಸುತ್ತಿ ಚೋಕ್ ಮಾಡಿ. ಒಂದು ಆಂಟೆನಾದ ಬುಡಕ್ಕೆ, ಇನ್ನೊಂದು ಕೇಬಲ್ ಮನೆಯೊಳಗೆ ಬರುವಲ್ಲಿ. ಒಂದೇ ಹಾಕುವಷ್ಟು ದುಡ್ಡಿದ್ದರೆ ಬುಡಕ್ಕೆ ಹಾಕಿ. ಸಾಫ್ಟ್‌ವೇರ್ ಬದಲಿಸಿ ಸಿಗುವುದಕ್ಕಿಂತ ಹೆಚ್ಚು ಡಿಕೋಡ್ ಈ ಎರಡು ಉಂಗುರಗಳಿಂದ ಬರುತ್ತವೆ.

ಪ್ರಸಾರಕ್ಕೆ ಇಳಿಯುವಾಗ

ಪರವಾನಗಿ ಇದ್ದವರಿಗೆ ಮಾತ್ರ, ಅದೂ ನಿಮ್ಮ ದರ್ಜೆಗೆ ಕೊಟ್ಟ ಬ್ಯಾಂಡ್ ಮತ್ತು ಪವರ್ ಮಿತಿಯೊಳಗೆ. 100 ವಾಟಿನ ರಿಗ್‌ಗೆ 30 ವಾಟ್ ಸಾಕು. ದನಿಯ ಮಾತಿನಲ್ಲಿ ಪವರ್ ಏರಿಳಿಯುತ್ತದೆ, ಎಫ್‌ಟಿ8ರಲ್ಲಿ 12.6 ಸೆಕೆಂಡ್ ಒಂದೇ ಸಮ ತುಂಬಿ ಹರಿಯುತ್ತದೆ, ಡಬ್ಲ್ಯುಎಸ್‌ಪಿಆರ್‌ನಲ್ಲಿ 110 ಸೆಕೆಂಡ್. ಫೈನಲ್ ಟ್ರಾನ್ಸಿಸ್ಟರ್ ಬೇಯುವುದು ಇಲ್ಲೇ. ಎಎಲ್‌ಸಿ (ಪ್ರಸಾರದ ಮಟ್ಟಕ್ಕೆ ಕಡಿವಾಣ ಹಾಕುವ ವ್ಯವಸ್ಥೆ) ಮುಳ್ಳು ಅಲುಗದ ಮಟ್ಟಕ್ಕೆ ಕಂಪ್ಯೂಟರಿನ ಧ್ವನಿ ತಗ್ಗಿಸಿ.

ಸ್ಪ್ಲಿಟ್ ಆಯ್ಕೆಯನ್ನು ರಿಗ್ ಅಥವಾ ಫೇಕ್ ಇಟ್‌ಗೆ ಹಾಕಿ, ಇದನ್ನು ಬಿಟ್ಟವರೇ ಹೆಚ್ಚು. ಕಾರಣ ಸರಳ. 600 ಹರ್ಟ್ಸ್ ಸ್ವರ ಸ್ವಲ್ಪ ವಿಕಾರವಾದರೂ 1200ರಲ್ಲಿ, 1800ರಲ್ಲಿ ಅದರ ಮರಿಗಳು ಹುಟ್ಟಿ ರಿಗ್‌ನ ಫಿಲ್ಟರಿನೊಳಗೇ ಹೊರಟುಬಿಡುತ್ತವೆ, ಬೇರೆ ಇಬ್ಬರ ಜಾಗ ಕೆಡುತ್ತದೆ. ಸ್ಪ್ಲಿಟ್ ಇದ್ದರೆ ಸಾಫ್ಟ್‌ವೇರ್ ಡಯಲನ್ನು ಜರುಗಿಸಿ ಧ್ವನಿಯನ್ನು ಸದಾ 1500ರಿಂದ 2000ದೊಳಗೆ ಇಡುತ್ತದೆ. ಮರಿಗಳು 3000 ದಾಟಿ ಫಿಲ್ಟರಿನಲ್ಲೇ ಸಾಯುತ್ತವೆ.

ಕರೆಯುವ ಮೊದಲು ಸಮ ಮತ್ತು ಬೆಸ ಎರಡೂ ಸರದಿಗಳನ್ನು ಒಂದು ನಿಮಿಷ ನೋಡಿ, ಎರಡರಲ್ಲೂ ಖಾಲಿ ಇರುವ ಜಾಗ ಹಿಡಿಯಿರಿ. ಮೊದಲ ಪ್ರಸಾರವನ್ನು ಐದಾರು ನೂರು ಕಿಲೋಮೀಟರ್ ಆಚೆಯ ಒಂದು ಕಿವಿಎಸ್‌ಡಿಆರ್ ತೆರೆದಿಟ್ಟುಕೊಂಡು ಮಾಡಿ. ನಿಮ್ಮ ಜಾಗದಲ್ಲಿ ಒಂದು ಚೂಪು ಗೆರೆ ಮಾತ್ರ ಕಂಡರೆ ಧ್ವನಿ ಸರಿಯಿದೆ. ಅದರ ಎರಡೂ ಬದಿಗೆ 50 ಅಥವಾ 100 ಹರ್ಟ್ಸ್ ದೂರದಲ್ಲಿ ಮಸುಕು ಗೆರೆಗಳು ಕಂಡರೆ ಮೈನ್ಸ್ ಗುಂಯ್‌ಗಾಟ ನಿಮ್ಮ ಪ್ರಸಾರದೊಳಕ್ಕೂ ನುಗ್ಗಿದೆ. ಆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕದೆ ಮತ್ತೆ ಕೀ ಒತ್ತಬೇಡಿ.